ಮಾತ್ರೆ ನುಂಗಿ ಲೋಕಲ್ ಹತ್ತಿದರೆ ಕೈ ನಡುಗುವುದೇಕೆ?

ಪ್ರಶ್ನೆ: ವಯಸ್ಸು 54, ಟೈಪ್ 2 ಶುಗರ್ ಇದೆ. ಬೆಳಿಗ್ಗೆ 6.30ಕ್ಕೆ ಗ್ಲಿಮೆಪಿರೈಡ್ 2 ಮಿ.ಗ್ರಾಂ, ಮೆಟ್‌ಫಾರ್ಮಿನ್ ಎಸ್‌ಆರ್ 500, ವೊಗ್ಲಿಬೋಸ್ 0.2 ಸೇರಿದ ಒಂದು ಮಾತ್ರೆ ನುಂಗಿ, ಬರೀ ಚಹಾ ಕುಡಿದು ಡೊಂಬಿವಲಿಯಲ್ಲಿ ಮುಂಬಯಿಯ ಲೋಕಲ್ ರೈಲು ಹಿಡಿಯುತ್ತೇನೆ. ತಿಂಡಿ ಫೋರ್ಟ್‌ನ ಆಫೀಸು ಮುಟ್ಟಿದ ಮೇಲೆ, 9.30ಕ್ಕೆ. ಈಚೆಗೆ ಕುರ್ಲಾ ದಾಟುವಾಗ ಬೆವರು, ಕೈನಡುಕ. ಪೆಪ್ಪರ್‌ಮಿಂಟ್ ಚೀಪಿದರೂ ಬೇಗ ಇಳಿಯುವುದಿಲ್ಲ. ಮಾತ್ರೆ ಮುರಿದು ಅರ್ಧ ತಗೊಳ್ಳಲೇ?
– ಓದುಗರು, ಡೊಂಬಿವಲಿ

ಉತ್ತರ: ಮುರಿಯಬೇಡಿ. ಎಸ್‌ಆರ್ ಎಂದರೆ ಮೆಟ್‌ಫಾರ್ಮಿನ್ ಗಂಟೆಗಟ್ಟಲೆ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಮಾತ್ರೆ. ಮುರಿದರೆ ಔಷಧ ಒಮ್ಮೆಲೇ ಹೊರಬಂದು ಹೊಟ್ಟೆ ಕೆಡಬಹುದು. ಅಲ್ಲದೆ, ಶುಗರ್ ಅತಿಯಾಗಿ ಇಳಿಸಿ ನಿಮ್ಮನ್ನು ನಡುಗಿಸುತ್ತಿರುವುದು ಮೂರು ಔಷಧಗಳಲ್ಲಿ ಒಂದೇ.

ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ರಕ್ತಕ್ಕೆ ಬಿಡುವ ಸಕ್ಕರೆಯನ್ನು ತಗ್ಗಿಸುತ್ತದೆ. ಅದೊಂದರಿಂದಲೇ ಶುಗರ್ ಅತಿಯಾಗಿ ಕುಸಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ನೀವು ಉಂಡಿದ್ದೀರೋ ಇಲ್ಲವೋ ನೋಡುವುದಿಲ್ಲ. ನುಂಗಿದ ಎರಡು-ಮೂರು ಗಂಟೆಗೆ ರಕ್ತದಲ್ಲಿ ಅದರ ಪ್ರಮಾಣ ಗರಿಷ್ಠ. ಅಂದರೆ ಸರಿಯಾಗಿ ನೀವು ಖಾಲಿ ಹೊಟ್ಟೆಯಲ್ಲಿ ರೈಲಿನಲ್ಲಿ ನಿಂತಿರುವ ಹೊತ್ತು.

ಪೆಪ್ಪರ್‌ಮಿಂಟ್ ಕೆಲಸ ಮಾಡದ್ದಕ್ಕೆ ಕಾರಣ ವೊಗ್ಲಿಬೋಸ್. ಪಿಷ್ಟವನ್ನೂ ಸಕ್ಕರೆಯನ್ನೂ ಒಡೆಯುವ ಸಣ್ಣ ಕರುಳಿನ ಕಿಣ್ವಗಳನ್ನು ಅದು ತಡೆಹಿಡಿಯುತ್ತದೆ. ಹಾಗಾಗಿ ಸಕ್ಕರೆ, ಬಿಸ್ಕತ್ತು ತಿಂದರೂ ರಕ್ತ ಸೇರುವುದು ತಡ. ಗ್ಲೂಕೋಸನ್ನು ಒಡೆಯಬೇಕಾಗಿಯೇ ಇಲ್ಲ. ಮೆಡಿಕಲ್‌ನಲ್ಲಿ ಸಿಗುವ ಸಾದಾ ಗ್ಲೂಕೋಸ್ ಪುಡಿ 15 ಗ್ರಾಂ, ಸುಮಾರು ಮೂರು ಚಮಚ, ಪೊಟ್ಟಣ ಕಟ್ಟಿ ಬ್ಯಾಗಿನಲ್ಲಿಡಿ. ನಡುಕ ಶುರುವಾದ ಕೂಡಲೇ ನೀರಿನಲ್ಲಿ ಕಲಸಿ ಕುಡಿಯಿರಿ. 15 ನಿಮಿಷ ಬಿಟ್ಟು ಗ್ಲುಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ಕಂಡರೆ ಅಥವಾ ನಡುಕ ನಿಲ್ಲದಿದ್ದರೆ ಇನ್ನೊಂದು ಪೊಟ್ಟಣ. ಆಮೇಲೆ ತಪ್ಪದೆ ತಿಂಡಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದೆಂದು ಜೊತೆಯಲ್ಲಿ ಓಡಾಡುವವರಿಗೆ ಹೇಳಿಡಿ.

ಇನ್ನು ಮೂಲ ತಪ್ಪು, ಹೊತ್ತಿನದು. ಈ ಮಾತ್ರೆ ದಿನದ ಮೊದಲ ತಿಂಡಿಯ ಜೊತೆಗೇ ಆಗಬೇಕು. ಮನೆಯಲ್ಲೇ ಇಡ್ಲಿ ತಿಂದು ಹೊರಡಿ, ಇಲ್ಲವೇ ಮಾತ್ರೆಯನ್ನು ಡಬ್ಬಿಯ ಜೊತೆ ಒಯ್ದು 9.30ಕ್ಕೆ ಮೊದಲ ತುತ್ತಿನೊಂದಿಗೆ ನುಂಗಿ. ಹೊತ್ತು ಬದಲಿಸಿದ್ದನ್ನು ಡಾಕ್ಟರಿಗೆ ತಿಳಿಸಿ. ಏಕಾದಶಿ ಉಪವಾಸವಿದ್ದರೆ ಆ ದಿನದ ಮಾತ್ರೆ ಏನು ಮಾಡಬೇಕೆಂದು ಮೊದಲೇ ಕೇಳಿಕೊಳ್ಳಿ.

ಒಂದು ವಾರದ ಗ್ಲುಕೋಮೀಟರ್ ಅಂಕಿಗಳನ್ನು ಬರೆದುಕೊಂಡು ಡಾಕ್ಟರನ್ನು ಕಾಣಿರಿ, ಕಿಡ್ನಿಯ ಕೆಲಸ ತೋರುವ ಕ್ರಿಯಾಟಿನಿನ್ ರಕ್ತಪರೀಕ್ಷೆಯನ್ನೂ ಕೇಳಿ. ಕಿಡ್ನಿ ಮಂದವಾದರೆ ಗ್ಲಿಮೆಪಿರೈಡಿನಿಂದ ಶುಗರ್ ಕುಸಿಯುವ ಅಪಾಯ ಹೆಚ್ಚು. ತಿಂಡಿ ತಿಂದೂ ಶುಗರ್ ಇಳಿಯುತ್ತಿದ್ದರೆ ಅವರು ಗ್ಲಿಮೆಪಿರೈಡನ್ನು 1 ಮಿ.ಗ್ರಾಂಗೆ ಇಳಿಸಬಹುದು, ಅಥವಾ ಶುಗರ್ ಏರಿದಾಗಷ್ಟೇ ಇನ್ಸುಲಿನ್ ಹೆಚ್ಚಿಸುವ ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್ ಥರದ್ದಕ್ಕೆ ಬದಲಿಸಬಹುದು.