ಒಂದೇ ಗ್ರ್ಯಾಫೀನ್ ಪಟ್ಟಿಯಲ್ಲಿ ಮೂರು ಪರೀಕ್ಷೆ ಬೇಡ, ಸೀಸದಿಂದ ಶುರು ಮಾಡಿ

ಲೇಸರ್ ಕಟರಿನಲ್ಲಿ ಗ್ರ್ಯಾಫೀನ್ ಪಟ್ಟಿ ಮಾಡಿ, ಬಾವಿ ನೀರಿನಲ್ಲಿರುವ ಸೀಸ, ನೈಟ್ರೇಟ್, ಕೀಟನಾಶಕ ಮೂರನ್ನೂ ಒಂದೇ ಪಟ್ಟಿಯಲ್ಲಿ ಅಳೆಯಬಹುದೇ ಎಂದು ಕೇಳಿದ್ದೀರಿ. ಪೊಟೆನ್ಷಿಯೋಸ್ಟಾಟ್, ಅಂದರೆ ಬೇಕಾದ ವೋಲ್ಟೇಜ್ ಕೊಟ್ಟು ಹರಿಯುವ ವಿದ್ಯುತ್ತನ್ನು ಅಳೆಯುವ ಉಪಕರಣ, ಕೈಯಲ್ಲಿದೆ ಎಂದೂ ಬರೆದಿದ್ದೀರಿ. ಅಳೆಯಬಹುದು, ಆದರೆ ಮೂರಕ್ಕೆ ಮೂರು ಬೇರೆ ಪಟ್ಟಿಗಳೇ ಬೇಕು.

ಕಾರಣ ಸರಳ. ಗ್ರ್ಯಾಫೀನ್ ಎಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ. ಅದರಲ್ಲಿ ಒಳಗೆ ಅಡಗಿ ಕುಳಿತ ಪರಮಾಣುವೇ ಇಲ್ಲ, ಎಲ್ಲವೂ ಮೇಲ್ಮೈಯಲ್ಲೇ ಇವೆ. ಹಾಗಾಗಿ ಏನು ಬಂದು ಅಂಟಿದರೂ ಅದರ ವಿದ್ಯುತ್ ಗುಣ ಬದಲಾಗುತ್ತದೆ. 2007ರಲ್ಲಿ ಮ್ಯಾಂಚೆಸ್ಟರ್ ತಂಡ ಅನಿಲದ ಒಂದೊಂದೇ ಅಣು ಬಂದು ಅಂಟುವುದನ್ನೂ ಇದರಿಂದ ಪತ್ತೆ ಮಾಡಿ ತೋರಿಸಿತು. ಆದರೆ ಅದು ಪ್ರಯೋಗಾಲಯದ ಕಟ್ಟುನಿಟ್ಟಿನೊಳಗೆ ನಡೆದ ಕೆಲಸ. ನಿಮ್ಮ ಬಾವಿಯ ನೀರಿನಲ್ಲಿ ಸುಣ್ಣ, ಕಬ್ಬಿಣ, ಕೊಳೆತ ಎಲೆಯ ರಸ ಎಲ್ಲವೂ ಇರುತ್ತವೆ. ಯಾರು ಮುಟ್ಟಿದರೂ ಗ್ರ್ಯಾಫೀನ್ ಕೂಗಿಕೊಳ್ಳುತ್ತದೆ, ಮುಟ್ಟಿದವರು ಯಾರೆಂದು ಹೇಳಲಾರದು. ಆ ಗುರುತು ಹಿಡಿಯುವ ಕೆಲಸಕ್ಕೇ ಮೇಲೊಂದು ಲೇಪ ಬೇಕಾಗುವುದು. ಸೀಸಕ್ಕೆ ಬಿಸ್ಮತ್ ಎಂಬ ಲೋಹ, ನೈಟ್ರೇಟಿಗೆ ಅದೊಂದನ್ನೇ ಆರಿಸುವ ಪೊರೆ, ಕೀಟನಾಶಕಕ್ಕೆ ಕಿಣ್ವ.

ಇದರಲ್ಲಿ ಸೀಸವೇ ಹವ್ಯಾಸಿಗೆ ಒಲಿಯುವಂಥದ್ದು, ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

ಪಟ್ಟಿಗೆ ಪಾಲಿಇಮೈಡ್ ಎಂಬ, ಶಾಖ ತಡೆಯುವ ಪ್ಲಾಸ್ಟಿಕ್ ಹಾಳೆ ತೆಗೆದುಕೊಳ್ಳಿ. ಕಾರ್ಬನ್ ಡೈಆಕ್ಸೈಡ್ ಲೇಸರ್ ತಾಗಿದ ಕಡೆಯೆಲ್ಲ ಅದು ಕಪ್ಪಗಿನ, ರಂಧ್ರಮಯ ಗ್ರ್ಯಾಫೀನ್ ಆಗುತ್ತದೆ. ರೈಸ್ ವಿಶ್ವವಿದ್ಯಾಲಯದ ಜೇಮ್ಸ್ ಟೂರ್ ಅವರ ತಂಡ 2014ರಲ್ಲಿ ಪ್ರಕಟಿಸಿದ ವಿಧಾನ ಇದು. ಲೇಸರಿನ ಶಕ್ತಿ ಕಡಿಮೆಯಾದರೆ ಬರೀ ಕಂದು ಕಲೆ ಉಳಿಯುತ್ತದೆ, ಹೆಚ್ಚಾದರೆ ಪುಡಿಯಾಗಿ ಉದುರುತ್ತದೆ. ಸಣ್ಣ ಚೌಕಗಳನ್ನು ಬೇರೆ ಬೇರೆ ಶಕ್ತಿಯಲ್ಲಿ ಸುಟ್ಟು, ಮಲ್ಟಿಮೀಟರಿನಲ್ಲಿ ರೋಧ ಅಳೆದು, ಅತಿ ಕಡಿಮೆ ರೋಧ ಬಂದದ್ದನ್ನು ಆರಿಸಿಕೊಳ್ಳಿ. ಹೊಗೆ ಹೊರಹೋಗಲು ಫ್ಯಾನ್ ಇರಲೇಬೇಕು. ಪಿವಿಸಿ ಹಾಳೆಯನ್ನಂತೂ ಲೇಸರಿನ ಹತ್ತಿರವೂ ತರಬೇಡಿ, ಅದರ ಹೊಗೆಯಲ್ಲಿ ಆಮ್ಲವಿರುತ್ತದೆ.

ಗ್ರ್ಯಾಫೀನ್ ಆಕ್ಸೈಡನ್ನು ಮನೆಯಲ್ಲೇ ಮಾಡುವ ವಿಡಿಯೋ ಒಂದನ್ನು ಇದೇ ಚರ್ಚೆಯಲ್ಲಿ ಯಾರೋ ಹಂಚಿಕೊಂಡಿದ್ದಾರೆ. ದಯವಿಟ್ಟು ಬೇಡ. ಗಂಧಕಾಮ್ಲಕ್ಕೆ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ಬೆರೆಸಿದಾಗ ಸ್ಫೋಟಿಸುವ ಮ್ಯಾಂಗನೀಸ್ ಸಂಯುಕ್ತ ಹುಟ್ಟುತ್ತದೆ. ಪುಡಿ ಕೊಳ್ಳುವುದರಲ್ಲೂ ಎಚ್ಚರವಿರಲಿ. ಅರವತ್ತು ತಯಾರಕರ ಮಾದರಿಗಳನ್ನು ಪರೀಕ್ಷಿಸಿದ 2018ರ ಅಧ್ಯಯನವೊಂದರಲ್ಲಿ, ಬಹುಪಾಲು ಮಾದರಿಗಳಲ್ಲಿ ನಿಜವಾದ ಗ್ರ್ಯಾಫೀನ್ ಶೇ. 10ಕ್ಕಿಂತ ಕಡಿಮೆ ಇತ್ತು. ಉಳಿದದ್ದರಲ್ಲಿ ಹೆಚ್ಚಿನದು ಪೆನ್ಸಿಲ್ ಕಡ್ಡಿಯ ಗ್ರಾಫೈಟೇ.

ಇನ್ನು ಅಳತೆ. ನೀರಿನ ಮಾದರಿಯನ್ನು ಅಷ್ಟೇ ಪ್ರಮಾಣದ ಅಸಿಟೇಟ್ ಬಫರಿಗೆ (ಆಮ್ಲೀಯತೆ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಸೇರಿಸಿ, ಮಿಶ್ರಣದ ಪಿಎಚ್ 4.5ರ ಆಸುಪಾಸಿನಲ್ಲಿದೆಯೇ ನೋಡಿ. ಅದಕ್ಕೆ ಬಿಸ್ಮತ್ ದ್ರಾವಣ ಬೆರೆಸಿ. ಲೀಟರಿಗೆ ಸುಮಾರು 400 ಮೈಕ್ರೋಗ್ರಾಂ ಸಾಕು. ಕಲಕುತ್ತಲೇ ಎರಡು ನಿಮಿಷ ಮೈನಸ್ 1.2 ವೋಲ್ಟ್ ಕೊಡಿ. ಬಿಸ್ಮತ್ತೂ ಸೀಸವೂ ಒಟ್ಟಿಗೆ ಪಟ್ಟಿಯ ಮೇಲೆ ಕೂರುತ್ತವೆ. ಕಲಕುವುದನ್ನು ನಿಲ್ಲಿಸಿ, ಹತ್ತು ಹದಿನೈದು ಸೆಕೆಂಡ್ ಬಿಟ್ಟು ವೋಲ್ಟೇಜನ್ನು ಮೇಲಕ್ಕೆ ಏರಿಸಿದರೆ ಸೀಸ ಕರಗಿ ವಾಪಸು ನೀರಿಗಿಳಿಯುತ್ತದೆ, ಗ್ರಾಫಿನಲ್ಲಿ ಒಂದು ಶಿಖರ ಏಳುತ್ತದೆ. ನೀರಿನಲ್ಲಿ ಚೆದುರಿದ್ದ ಸೀಸವನ್ನು ಮೊದಲು ಒಂದೆಡೆ ಕೂಡಿಹಾಕಿ, ಆಮೇಲೆ ಒಮ್ಮೆಗೇ ಎಣಿಸುವುದರಿಂದ ಈ ಉಪಾಯಕ್ಕೆ ಇಷ್ಟು ಸೂಕ್ಷ್ಮತೆ. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹೇಳುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಚೆನ್ನಾಗಿ ಮಾಡಿದ ಪಟ್ಟಿಗೆ ಅದು ಎಟುಕುತ್ತದೆ.

ಶಿಖರ ಮೈನಸ್ 0.5 ವೋಲ್ಟಿನ ಹತ್ತಿರ ಬರುತ್ತದೆ, ಆದರೆ ಆ ಅಂಕಿಯನ್ನು ನೆಚ್ಚಬೇಡಿ. ವೋಲ್ಟೇಜ್ ಅಳೆಯಲು ಆಧಾರವಾಗುವ, ಬೆಳ್ಳಿ ಬೆರೆತ ಬಣ್ಣ ಹಚ್ಚಿ ಮಾಡಿಕೊಂಡ ರೆಫರೆನ್ಸ್ ಎಲೆಕ್ಟ್ರೋಡ್ ನೀರಿನ ಕ್ಲೋರೈಡ್ ಬದಲಾದಂತೆ ಅತ್ತಿತ್ತ ಸರಿಯುತ್ತದೆ. ಗೊತ್ತಿರುವಷ್ಟು ಸೀಸವನ್ನು ಅದೇ ಮಾದರಿಗೆ ಸೇರಿಸಿ, ಯಾವ ಶಿಖರ ಬೆಳೆಯುತ್ತದೆ ಎಂದು ನೋಡಿ. ಪ್ರಮಾಣ ಕಂಡುಹಿಡಿಯುವ ದಾರಿಯೂ ಅದೇ. ಏನೂ ಸೇರಿಸದ ಮೊದಲ ಓಟದಲ್ಲಿ, ಅಂದರೆ ಮೊದಲ ಅಳತೆಯಲ್ಲಿ, ಶಿಖರ 0.8 ಮೈಕ್ರೋಆಂಪಿಯರ್, ಲೀಟರಿಗೆ 10 ಮೈಕ್ರೋಗ್ರಾಂ ಸೇರಿಸಿದಾಗ 1.6, 20 ಸೇರಿಸಿದಾಗ 2.4 ಬಂತು ಎನ್ನೋಣ. ಮಿಶ್ರಣದಲ್ಲಿ ಮೊದಲೇ 10 ಇತ್ತು ಎಂದಾಯಿತು. ಅರ್ಧಕ್ಕರ್ಧ ಬಫರ್ ಬೆರೆಸಿದ್ದರಿಂದ ಬಾವಿ ನೀರಿನಲ್ಲಿ 20. ಈ ದುಪ್ಪಟ್ಟು ಮಾಡುವುದನ್ನು ಮರೆತು ನೆಮ್ಮದಿಯಾಗಿ ಮಲಗಿದವರನ್ನು ಬಲ್ಲೆ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಎರಡು ವಾರ ನನಗೆ ಭಟ್ಟಿ ಇಳಿಸಿದ ನೀರಿನಲ್ಲೂ ಸೀಸ ಕಾಣಿಸುತ್ತಿತ್ತು. ನೀರು ಬದಲಿಸಿದೆ, ಬಫರ್ ಬದಲಿಸಿದೆ, ಬೀಕರನ್ನು ಆಮ್ಲದಲ್ಲಿ ತೊಳೆದೆ. ಶಿಖರ ಮಾತ್ರ ಕದಲಲಿಲ್ಲ. ಕಡೆಗೆ ಗೊತ್ತಾಯಿತು: ಈ ಗ್ರ್ಯಾಫೀನ್ ರಂಧ್ರಮಯವಾದ್ದರಿಂದ ದೀಪದ ಬತ್ತಿ ಎಣ್ಣೆ ಹೀರಿದಂತೆ ದ್ರಾವಣವನ್ನು ಮೇಲಕ್ಕೆ ಹೀರಿ, ನಾನು ವೈರು ಬೆಸೆದಿದ್ದ ಜಾಗಕ್ಕೆ ಮುಟ್ಟಿಸುತ್ತಿತ್ತು. ಬೆಸುಗೆ ಸೀಸ ಬೆರೆತ ತವರದ್ದು! ಪಟ್ಟಿಯ ಕುತ್ತಿಗೆಗೆ ಉಗುರುಬಣ್ಣ ಹಚ್ಚಿ ಒಣಗಿಸಿದ ಮೇಲೆ ಸರಿಹೋಯಿತು. ಆದ್ದರಿಂದ ಪ್ರತಿ ದಿನದ ಮೊದಲ ಓಟ ಬ್ಲ್ಯಾಂಕ್ ಆಗಿರಲಿ, ಅಂದರೆ ಮಾದರಿಯ ಬದಲು ಭಟ್ಟಿ ಇಳಿಸಿದ ನೀರು, ಉಳಿದದ್ದೆಲ್ಲ ಹಾಗೆಯೇ.

ತಾಮ್ರ ಹೆಚ್ಚಿರುವ ನೀರಿನಲ್ಲಿ ಸೀಸದ ಶಿಖರ ಕುಗ್ಗುತ್ತದೆ ಎಂಬುದೂ ನೆನಪಿರಲಿ. ಸೋಪಿನ ಅಂಶ, ಎಲೆ ಕೊಳೆತ ರಸ ಪಟ್ಟಿಯನ್ನು ಮುಚ್ಚಿಬಿಡುತ್ತವೆ. ಬಳಸಿದ ದ್ರಾವಣವನ್ನು ಸಿಂಕಿಗೆ ಸುರಿಯದೆ ಬಾಟಲಿಯಲ್ಲಿ ಕೂಡಿಡಿ.

ನೈಟ್ರೇಟ್ ಬೇರೆ ಬಗೆಯದು. ಅಲ್ಲಿ ವೋಲ್ಟೇಜ್ ಓದಿದರೆ ಸಾಕು. ಸಾಂದ್ರತೆ ಹತ್ತು ಪಟ್ಟಾದಾಗ ಸುಮಾರು 59 ಮಿಲಿವೋಲ್ಟ್ ಇಳಿದರೆ ಪೊರೆ ಸರಿಯಾಗಿದೆ ಎಂದರ್ಥ. ಗಿಡಗಳಿಗೆ ಗೊಬ್ಬರದ ಲೆಕ್ಕ ಹಾಕಲು ಇದು ಒಳ್ಳೆಯದು.

ಕೀಟನಾಶಕದ ಆಸೆಯನ್ನು ಸದ್ಯ ಬಿಡಿ. ಕೀಟನಾಶಕ ತಾಗಿದಾಗ ಕಿಣ್ವ ಮಂಕಾಗುವುದೇ ಅಲ್ಲಿ ಸುಳಿವು, ಆದರೆ ಆ ಕಿಣ್ವ ತಣ್ಣಗಿಡದಿದ್ದರೆ ಕೆಡುತ್ತದೆ. ಕೆಡದಿದ್ದರೂ, ಬಂದದ್ದು ಆರ್ಗ್ಯಾನೋಫಾಸ್ಫೇಟೋ ಕಾರ್ಬಮೇಟೋ (ಕೀಟನಾಶಕಗಳ ಎರಡು ಬಗೆ) ಎಂದು ಬಿಡಿಸಿ ಹೇಳದು, ಕೆಲವು ಭಾರಲೋಹಗಳಿಗೂ ಮಂಕಾಗುತ್ತದೆ. ಕಳೆನಾಶಕಗಳು ಬಹುತೇಕ ಅದರ ಕಣ್ಣಿಗೇ ಬೀಳುವುದಿಲ್ಲ. ಕಿಣ್ವ ಮಂಕಾಗದ ಮಾತ್ರಕ್ಕೆ ನೀರು ಶುದ್ಧ ಎನ್ನುವಂತಿಲ್ಲ.

ಮನೆಯವರು ಆ ನೀರು ಕುಡಿಯುತ್ತಿದ್ದರೆ ಪ್ರಯೋಗದ ಜೊತೆಗೇ ಒಂದು ಮಾದರಿಯನ್ನು ಪ್ರಯೋಗಾಲಯಕ್ಕೂ ಕಳಿಸಿ. ಸೀಸ ಗಾಜಿನ ಗೋಡೆಗೆ ಅಂಟುವುದರಿಂದ, ಅವರೇ ಕೊಡುವ ಆಮ್ಲ ಹಾಕಿದ ಪ್ಲಾಸ್ಟಿಕ್ ಬಾಟಲಿಯಲ್ಲೇ ತುಂಬಿಸಿ. ಅವರ ಅಂಕಿ ಬಂದ ಮೇಲೆ ನಿಮ್ಮ ಪಟ್ಟಿ ಎಷ್ಟು ಸುಳ್ಳು ಹೇಳುತ್ತಿದೆ ಎಂಬುದೂ ತಿಳಿಯುತ್ತದೆ. ಅಷ್ಟರೊಳಗೆ ಮೂರು ಬ್ಲ್ಯಾಂಕ್ ಓಟಗಳ ಗ್ರಾಫ್ ಇಲ್ಲಿ ಹಾಕಿ, ಬಾವಿ ನೀರಿನದ್ದು ಆಮೇಲೆ ನೋಡೋಣ.