ರೋಗಕ್ಕೂ ಮೇಲು ಕೀಳೆಂಬುದು ಉಂಟೇ?

ಪ್ರಶ್ನೆ: ನನ್ನ ಮಗಳು ಸಾರ್ವಜನಿಕ ಆರೋಗ್ಯದಲ್ಲಿ ಪಿಎಚ್‌.ಡಿ.ಗೆ ಸೇರಿದ್ದಾಳೆ. ‘ಆರೋಗ್ಯ ಅಸಮಾನತೆ’ ಅವಳ ವಿಷಯವಂತೆ. ಬಡವರಿಗೆ ಕಾಯಿಲೆ ಹೆಚ್ಚೆಂಬುದು ಗೊತ್ತಿರುವ ಸಂಗತಿಯೇ ಅಲ್ಲವೇ? ಅದರಲ್ಲಿ ಸಂಶೋಧಿಸುವುದೇನಿದೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ನಿಮ್ಮ ಸಂದೇಹ ಸಹಜವಾದದ್ದೇ. ಆದರೆ ಬಡವರು, ಉಳ್ಳವರು ಎಂಬ ಎರಡೇ ಗುಂಪುಗಳಲ್ಲಿ ಮಾತು ಮುಗಿಯುವುದಿಲ್ಲ. ಲಂಡನ್ನಿನಲ್ಲಿ 1967ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನಕ್ಕೆ ಒಳಪಟ್ಟವರು ಸರ್ಕಾರಿ ಕಚೇರಿಗಳ ಸುಮಾರು 18,000 ಪುರುಷ ನೌಕರರು. ಅವರಲ್ಲಿ ಯಾರಿಗೂ ಊಟಕ್ಕೆ ತತ್ವಾರವಿರಲಿಲ್ಲ, ಸರ್ಕಾರಿ ಚಿಕಿತ್ಸೆಯೂ ಉಚಿತವಾಗಿಯೇ ದೊರೆಯುತ್ತಿತ್ತು. ಆದರೂ ಅತ್ಯಂತ ಕೆಳದರ್ಜೆಯವರ ಸಾವಿನ ಪ್ರಮಾಣ ಮೇಲಧಿಕಾರಿಗಳದ್ದಕ್ಕಿಂತ ಸುಮಾರು ಮೂರು ಪಟ್ಟಿತ್ತು. ಅದಕ್ಕಿಂತ ಬೆರಗಿನ ಸಂಗತಿಯೆಂದರೆ, ನಡುವಿನ ದರ್ಜೆಗಳಲ್ಲೂ ಒಂದೊಂದು ಮೆಟ್ಟಿಲು ಇಳಿದಂತೆ ಅಪಾಯ ಏರುತ್ತಿತ್ತು. ಧೂಮಪಾನ, ರಕ್ತದೊತ್ತಡ, ಕೊಲೆಸ್ಟ್ರಾಲ್‌ಗಳನ್ನು ಲೆಕ್ಕಕ್ಕೆ ಹಿಡಿದರೂ ಹೃದ್ರೋಗದ ಸಾವುಗಳಲ್ಲಿದ್ದ ಅಂತರದ ಒಂದು ಭಾಗಕ್ಕಷ್ಟೇ ಉತ್ತರ ಸಿಕ್ಕಿತು. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ತಜ್ಞ ಮೈಕೇಲ್ ಮಾರ್ಮಟ್ ಅವರ ನೇತೃತ್ವದಲ್ಲಿ 1985ರಲ್ಲಿ ಮಹಿಳೆಯರನ್ನೂ ಸೇರಿಸಿಕೊಂಡು ಆರಂಭವಾದ ಎರಡನೆಯ ವೈಟ್‌ಹಾಲ್ ಅಧ್ಯಯನವು, ತಾನು ಮಾಡುವ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದಕ್ಕೂ ಹೃದ್ರೋಗಕ್ಕೂ ನಂಟಿರುವುದನ್ನು ತೋರಿಸಿತು. (ಕಚೇರಿಯಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.)

ನಮ್ಮ ಊರಿಗೆ ಬನ್ನಿ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಹೆಣ್ಣುಮಗಳೊಬ್ಬಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತವಾಗಿ ಸಿಗಬಹುದು. ಆದರೆ ಚೀಟಿ ಮಾಡಿಸಿ ಸರದಿಯಲ್ಲಿ ನಿಂತ ದಿನದ ಸಂಬಳ ಖೋತಾ ಆಗುವುದಾದರೆ, ಆ ಚಿಕಿತ್ಸೆಯ ಬೆಲೆ ಎಷ್ಟೆಂದು ಲೆಕ್ಕ ಹಾಕುವವರು ಯಾರು? ಅಗತ್ಯ ಹೆಚ್ಚಿರುವಲ್ಲೇ ಒಳ್ಳೆಯ ವೈದ್ಯಕೀಯ ಆರೈಕೆ ಕಡಿಮೆ ಎಂದು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದರು. ಅದು ಎಲ್ಲಿ, ಯಾವ ಕಾರಣಕ್ಕೆ ಹಾಗಾಗುತ್ತದೆ ಎಂಬುದನ್ನು ಬಿಡಿಸಿ ತೋರಿಸುವುದು ಈ ಕ್ಷೇತ್ರದ ಸಂಶೋಧಕರ ಕೆಲಸ. ತಾಯಿಗೆ ಮಗಳಿಗಿಂತ ಮಂಡಿನೋವು ಹೆಚ್ಚಿದ್ದರೆ ಅದು ವಯಸ್ಸಿನ ವ್ಯತ್ಯಾಸ. ಮ್ಯಾನ್‌ಹೋಲಿಗೆ ಇಳಿದವನು ವಿಷಾನಿಲದಿಂದ ಸತ್ತರೆ ಅದು ತಪ್ಪಿಸಬಹುದಾಗಿದ್ದ ಅನ್ಯಾಯ. ಇವೆರಡನ್ನು ಬೇರ್ಪಡಿಸದೆ ಅಂಕಿಅಂಶ ಕೂಡಿಟ್ಟು ಪ್ರಯೋಜನವಿಲ್ಲ.

ಇನ್ನೂ ಒಂದು ತೊಡಕಿದೆ. ನಗರದ ಸರಾಸರಿ ಎಷ್ಟೇ ಚೆನ್ನಾಗಿ ಕಂಡರೂ ಅದರೊಳಗೆ ಮಲ್ಲೇಶ್ವರದ ಮಹಡಿಮನೆಯೂ ರಾಯಚೂರು, ಯಾದಗಿರಿಗಳಿಂದ ಗಾರೆ ಕೆಲಸಕ್ಕೆ ಬಂದವರ ತಗಡಿನ ಶೆಡ್ಡೂ ಒಂದೇ ಅಂಕಿಯಲ್ಲಿ ಕರಗಿಹೋಗುತ್ತವೆ. ಕಟ್ಟಡ ಮುಗಿದೊಡನೆ ಶೆಡ್ಡು ಕಿತ್ತು ಬೇರೆಡೆಗೆ ಹೋಗುವ ಕುಟುಂಬವನ್ನು ಸಮೀಕ್ಷೆಯ ಪಟ್ಟಿಗೆ ಸೇರಿಸುವುದು ಹೇಗೆಂದು ನಿಮ್ಮ ಮಗಳನ್ನು ಒಮ್ಮೆ ಕೇಳಿನೋಡಿ.