ಎತ್ತಿನಹೊಳೆ: ಎರಡೂ ಕಡೆಯ ಮಾತು ಸರಿ ಅನಿಸೋದು ಯಾಕೆ?

ಸಕಲೇಶಪುರದ ಕಡೆಯ ಹೊಳೆ ನೀರನ್ನು ಕೋಲಾರದಂಥ ಬರದ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆ ಬಗ್ಗೆ ಎರಡೂ ಕಡೆಯವರ ಭಾಷಣ ಕೇಳಿದರೆ ಇಬ್ಬರೂ ಸರಿ ಅನಿಸುತ್ತದೆ, ಹೇಗೆ ಅಂತ ಕೇಳಿದ್ದೀರಿ. ನಾನು ಸಕಲೇಶಪುರದವನು, ಇದನ್ನು ಕೇಳಿ ಕೇಳಿ ಕಿವಿ ತೂತಾಗಿದೆ. ಮೊದಲು ಹೆಸರು ನೋಡಿ. ಪರ ಇರುವವರು 'ಕುಡಿಯುವ ನೀರಿನ ಯೋಜನೆ' ಅನ್ನುತ್ತಾರೆ, ವಿರೋಧಿಗಳು 'ನೇತ್ರಾವತಿ ತಿರುವು' ಅನ್ನುತ್ತಾರೆ. ಕುಡಿಯೋ ನೀರು ಬೇಡ ಅಂತ ಯಾರು ಹೇಳ್ತಾರೆ, ಅಲ್ವಾ? ಅದು ಬರೀ ಮಾತೂ ಅಲ್ಲ, ಕುಡಿಯುವ ನೀರಿನದ್ದು ಅಂದ ಕಾರಣಕ್ಕೇ ಪರಿಸರ ಅನುಮತಿ ಬೇಕಿಲ್ಲ ಅಂತ ಸರ್ಕಾರ ವಾದಿಸಿತ್ತು. ಇನ್ನೊಂದು ಕಡೆ 'ತಿರುವು' ಅಂದ ಕೂಡಲೇ ಮಂಗಳೂರಿನವರಿಗೆ ಇಡೀ ನದಿಯೇ ಕೈಬಿಟ್ಟು ಹೋದಂತೆ ಕಾಣುತ್ತದೆ. ನಿಜಕ್ಕೂ ಎತ್ತಿನಹೊಳೆ ನೇತ್ರಾವತಿ ನದಿಗೆ ಸೇರುವ ಒಂದು ಉಪಹೊಳೆ ಅಷ್ಟೇ.

ಚಿತ್ರಗಳೂ ಹಾಗೇ. ಒಬ್ಬರು ಕೋಲಾರದ ಖಾಲಿ ಕೊಡ ತೋರಿಸುತ್ತಾರೆ, ಇನ್ನೊಬ್ಬರು ಇಲ್ಲಿ ಅಗೆದು ಹಾಕಿದ ಗುಡ್ಡ, ಕೆಂಪು ಮಣ್ಣಿನಲ್ಲಿ ಮಲಗಿರುವ ದೊಡ್ಡ ಪೈಪು. ಎರಡೂ ಸುಳ್ಳಲ್ಲ. ಆದರೆ ಯೋಜನೆಯ ಲೆಕ್ಕದಲ್ಲಿರುವ 24.01 ಟಿಎಂಸಿ ನೀರು ನಿಜಕ್ಕೂ ಸಿಗುತ್ತದಾ ಅನ್ನೋ ಪ್ರಶ್ನೆ ಬಂದರೆ ಮಾತ್ರ ವೇದಿಕೆ ಮೇಲೆ ದನಿ ಸಣ್ಣದಾಗುತ್ತದೆ. ಮುಂದಿನ ಸಲ ಸುಮ್ನೆ ಅದೊಂದನ್ನೇ ಕೇಳಿ ನೋಡಿ, ಯಾವ ತಿಂಗಳ ಮಳೆ ಲೆಕ್ಕ ಹಿಡಿದಿದ್ದಾರೆ ಅಂತಲೂ.